ಘಾಟಿ ಇಳಿಯುವ ಮುನ್ನ ಪುಟ್ಟಿಗೆ ಒಂದು ಕಾಗದ

ಪುಟ್ಟಿ,

ಮಾವನ ಆಶೀರ್ವಾದ. ಇಲ್ಲಿಯ ಸಮಾಚಾರವೆಲ್ಲ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಸಾಗರದಿಂದ ಕಾರ್ಕಳದವರೆಗೆ ಸೈಕಲ್ಲಿನಲ್ಲಿ ಹೋಗುವ ಹಾದಿ, ನಡುವೆ ನೋಡುವ ಗುಡಿ, ಕೋಟೆ ಎಲ್ಲ ವಿವರವಾಗಿ ಬರೆದಿದ್ದೀಯ. ಓದಿ ಹಿಗ್ಗಬೇಕಿತ್ತು. ಆದರೆ ಕಡೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ಹತ್ತೋದು ಹೇಗೋ ಆಗುತ್ತೆ ಮಾವ, ಆಗುಂಬೆ ಇಳಿಯುವಾಗ ಕೈ ಸೋತು ಬ್ರೇಕೇ ಹಿಡಿಯದೆ ಹೋದರೆ?" ಅಂತ. ಆ ಸಾಲು ಓದಿದ ಮೇಲೆ ಮಿಕ್ಕದ್ದು ತಲೆಗೆ ಹೋಗಲಿಲ್ಲ.

ಹೆದರಬೇಡ ಅಂತ ಬರೆಯಲು ಮನಸ್ಸು ಒಪ್ಪುವುದಿಲ್ಲ. ಲೆಕ್ಕ ಹಾಕಿದರೆ ಹೆದರಿಕೆಗೆ ಕಾರಣ ಇದ್ದೇ ಇದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು, ಇಳಿತ ಸುಮಾರು 500 ಮೀಟರ್. ನೀನು, ಸೈಕಲ್ಲು, ಚೀಲ, ನೀರು ಸೇರಿ 80 ಕಿಲೋ ಅಂದುಕೊಂಡರೆ ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 390 ಕಿಲೋಜೂಲ್. ಒಂದು ಲೀಟರಿಗೂ ಮಿಕ್ಕಿ ತಣ್ಣೀರು ಕುದಿಸಲು ಅಷ್ಟು ಸಾಕು. ಅದರಲ್ಲಿ ಗಾಳಿ ಒಂದಿಷ್ಟು ತಿನ್ನುತ್ತದೆ, ಉಳಿದದ್ದೆಲ್ಲ ಬಿಸಿಯಾಗಿ, ಬ್ರೇಕು ಹಿಡಿಯುವ ಚಕ್ರದ ಅಂಚಿಗೋ (ಅದೇ ರಿಮ್ಮು), ಚಕ್ರದ ನಡುವಿನ ತಟ್ಟೆಗೋ (ಅದೇ ಡಿಸ್ಕು) ಹೋಗಬೇಕು. ಬೇರೆ ದಾರಿ ಇಲ್ಲ.

ನಿನ್ನ ಒಂದು ಸಾಲಿನೊಳಗೆ ಎರಡು ಭಯ ಸೇರಿಕೊಂಡಿವೆ. ಕೈ ಸೋಲುವುದು ಬೇರೆ, ಬ್ರೇಕ್ ಸೋಲುವುದು ಬೇರೆ. ಬ್ರೇಕು ಹೇಳದೆ ಕೇಳದೆ ಕೈಕೊಡುವುದು ತೀರಾ ಅಪರೂಪ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಲಿವರ್, ಬೇರೆ ಬೇರೆ ಕೇಬಲ್ಲು ಅಥವಾ ಆಯಿಲ್ ಪೈಪು. ಎರಡೂ ಒಂದೇ ಗಳಿಗೆಯಲ್ಲಿ ಹೋಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಸೋಲುವ ಮೊದಲು ಸೂಚನೆಯನ್ನೂ ಕೊಡುತ್ತವೆ. ಲಿವರ್ ಹ್ಯಾಂಡಲ್ ಕಡೆಗೆ ದಿನದಿನಕ್ಕೆ ಹತ್ತಿರ ಬರುತ್ತದೆ, ಕರ್ರೆನ್ನುವ ಸದ್ದು ಬರುತ್ತದೆ, ಸುಟ್ಟ ವಾಸನೆ ಬರುತ್ತದೆ. ಸೂಚನೆ ಬಂದಾಗ ಇಳಿದು ನೋಡಬೇಕು, ಅಷ್ಟೆ. ಕೈ ಸೋಲುವುದು ಮಾತ್ರ ನಿಜವಾದ ಸಂಗತಿ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಾಲದಲ್ಲಿ ಹೀಗೆ ಹೆದರಿಕೆಯನ್ನು ಬಾಯಿಬಿಟ್ಟು ಕೇಳುವ ರೂಢಿ ಇರಲಿಲ್ಲ. ನಿನ್ನ ಅಮ್ಮನಿಗಂತೂ ಮನೆಯಲ್ಲಿ ಸೈಕಲ್ ಮುಟ್ಟಲೇ ಬಿಡಲಿಲ್ಲ, ಆಗ ನಾವು ಯಾರೂ ಅವಳ ಪರ ಮಾತಾಡಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಇರಲಿ.

ನಿನ್ನ ಬ್ರೇಕು ಯಾವ ಥರದ್ದು ಅಂತ ಬರೆದಿಲ್ಲ, ಹಾಗಾಗಿ ಎರಡನ್ನೂ ಹೇಳುತ್ತೇನೆ. ರಿಮ್ ಬ್ರೇಕಾದರೆ ರಬ್ಬರಿನ ಮೇಲೆ ಅಡ್ಡ ಗೆರೆ ಕೊರೆದಿರುತ್ತದೆ. ಗೆರೆ ಮಾಸಿದ್ದರೆ ಬದಲಿಸು. ರಬ್ಬರಿಗೆ ಅಲ್ಯುಮಿನಿಯಂ ಚೂರು ಸಿಕ್ಕಿಕೊಂಡು ಮಿಣುಕುತ್ತಿದ್ದರೆ ಸೂಜಿಯಿಂದ ಕಿತ್ತು ತೆಗೆ. ಅದೇ ಕರ್ರೆನ್ನುವುದು, ರಿಮ್ಮನ್ನು ಕೆರೆಯುವುದೂ ಅದೇ. ಕೇಬಲ್ಲನ್ನು ಲಿವರಿನ ಒಳಗೆ ಅದರ ತಲೆ ಕೂರುವ ಜಾಗದಲ್ಲಿ ನೋಡು, ಒಂದು ಎಳೆ ಬಿಟ್ಟಿದ್ದರೂ ಹೊಸದು ಹಾಕಿಸು. ಚಕ್ರ ಬಿಚ್ಚಲು ಬ್ರೇಕಿನ ಪಕ್ಕ ಒಂದು ಸಣ್ಣ ಲಿವರ್ ಇರುತ್ತದಲ್ಲ, ಪಂಕ್ಚರ್ ಹಾಕಿದ ಮೇಲೆ ಅದನ್ನು ಮುಚ್ಚಲು ಮರೆಯುವವರೇ ಜಾಸ್ತಿ. ಬ್ರೇಕ್ ಹಿಡಿಯಲಿಲ್ಲ ಅನ್ನುವ ಎಷ್ಟೋ ದೂರಿನ ಮೂಲ ಅಲ್ಲೇ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಇದ್ದರೆ ಘಾಟಿಗೆ ಬೇಡ. ಬಿಸಿಗೆ ಅದರ ರಾಳ ಮೆದುವಾಗುತ್ತದೆ.

ಡಿಸ್ಕಾದರೆ ಅದನ್ನು ಅದುಮುವ ಪ್ಯಾಡಿನ ಉಜ್ಜುವ ಪದರ 1 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿಯೇ ಹೊರಡು. ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಹಿಂದಿನ ಡಿಸ್ಕಿಗೆ ತಗುಲಿದರೆ ಆ ಪ್ಯಾಡು ಕೆಟ್ಟಂತೆಯೇ, ಅದಕ್ಕೇ ತೊಟ್ಟು ತೊಟ್ಟಾಗಿ ಹಾಕುವ ಎಣ್ಣೆ ವಾಸಿ. ಹೊಸ ಪ್ಯಾಡು ಹಾಕಿಸಿಕೊಂಡು ನೇರ ಘಾಟಿಗೆ ಹೋಗಬಾರದು. ಸಮತಟ್ಟು ರಸ್ತೆಯಲ್ಲಿ 25 ಕಿಲೋಮೀಟರ್ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುವುದನ್ನು ಇಪ್ಪತ್ತು ಸಲವಾದರೂ ಮಾಡು, ಆಮೇಲೇ ಅದು ಕಚ್ಚಲು ಕಲಿಯುತ್ತದೆ. ಇಳಿದು ನಿಂತ ಕೂಡಲೇ ಡಿಸ್ಕ್ ಮುಟ್ಟಬೇಡ, ಬೆರಳು ಸುಡುತ್ತದೆ.

ಈಗ ಕೈಯ ವಿಷಯ. ನಿನ್ನ ಅಂಗೈ ಸಣ್ಣದು. ಕಂಪನಿಯಿಂದ ಬರುವಾಗ ಲಿವರು ದೊಡ್ಡ ಕೈಗೆ ಹೊಂದುವಂತೆ ದೂರ ಇರುತ್ತದೆ, ಬೆರಳ ತುದಿಯಲ್ಲೇ ಎಳೆಯಬೇಕಾಗುತ್ತದೆ. ಹಾಗೆ ಎಳೆದರೆ ಯಾರ ಕೈಯಾದರೂ ಅರ್ಧ ಘಾಟಿಗೆ ಸೋಲುತ್ತದೆ. ಈಚಿನ ಬಹುಪಾಲು ಲಿವರುಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಒಂದು ಇರುತ್ತದೆ. ಬೆರಳಿನ ಮೊದಲ ಗೆಣ್ಣು ಲಿವರಿನ ಮೇಲೆ ಆರಾಮಾಗಿ ಕೂರುವಷ್ಟು ಹತ್ತಿರ ತಾ. ಹಾಗೆ ತಂದ ಮೇಲೆ ಬ್ರೇಕನ್ನು ಜೋರಾಗಿ ಅದುಮಿ ನೋಡು, ಲಿವರು ಹ್ಯಾಂಡಲಿಗೆ ಮುಟ್ಟಬಾರದು. ಒಂದು ಬೆರಳು ದಪ್ಪದ ಸಂದಾದರೂ ಉಳಿಯಬೇಕು. ಇಳಿಯುವಾಗ ಹ್ಯಾಂಡಲಿನ ಕೆಳಗಿನ ಬಾಗು ಹಿಡಿ, ಮೇಲೆ ಹಿಡಿಯಬೇಡ. ಕೆಳಗಿನಿಂದ ಎರಡು ಬೆರಳಿಗೆ ಸಿಗುವ ಹಿಡಿತ ಮೇಲಿನಿಂದ ನಾಲ್ಕಕ್ಕೂ ಸಿಗುವುದಿಲ್ಲ, ಮೈಯ ಭಾರವೂ ನೆಲಕ್ಕೆ ಹತ್ತಿರವಾಗುತ್ತದೆ. ಮೊದಮೊದಲು ಹಾಗೆ ಬಾಗಿದರೆ ಮುಗ್ಗರಿಸಿದಂತೆ ಅನ್ನಿಸಿ ಇನ್ನಷ್ಟು ಭಯವಾಗುತ್ತದೆ, ಅದು ನನಗೂ ಗೊತ್ತು. ಸಣ್ಣ ಇಳಿಜಾರಿನಲ್ಲಿ ರೂಢಿ ಮಾಡಿಕೋ.

ಹೆದರಿದವರು ಮಾಡುವ ಕೆಲಸ ಒಂದೇ, ಮೇಲಿನಿಂದ ಕೆಳಗಿನವರೆಗೆ ಬ್ರೇಕನ್ನು ಅರ್ಧ ಹಿಡಿದೇ ಇರುವುದು. ಕೈ ಸೋಲುವುದೂ ಹಾಗೇ, ರಿಮ್ಮು ಕಾಯುವುದೂ ಹಾಗೇ. ರಿಮ್ಮು ಕಾದರೆ ಟ್ಯೂಬಿನ ಗಾಳಿ ಹಿಗ್ಗುತ್ತದೆ, ಹಳೆಯ ಪ್ಯಾಚಿನ ಅಂಟು ಬಿಡುತ್ತದೆ. ಡಿಸ್ಕಿನ ಪ್ಯಾಡು ಕಾದರೆ ಮೇಲ್ಮೈ ಗಾಜಿನಂತಾಗಿ ಜಾರುತ್ತದೆ, ಆಯಿಲ್ ಕುದಿದರೆ ಲಿವರು ಮೆತ್ತಗಾಗಿ ಹ್ಯಾಂಡಲಿಗೆ ಬಂದು ತಗಲುತ್ತದೆ. ಗಟ್ಟಿಯಾಗಿ ಎರಡು ಮೂರು ಸೆಕೆಂಡು ಹಿಡಿ, ವೇಗ ಇಳಿಸು, ಪೂರ್ತಿ ಬಿಡು. ಬಿಟ್ಟಾಗ ಬೆರಳಿಗೂ ವಿಶ್ರಾಂತಿ, ಬ್ರೇಕಿಗೂ ಗಾಳಿ. ಹೆಚ್ಚು ಕೆಲಸ ಮುಂದಿನ ಬ್ರೇಕಿನದೇ, ಆದರೆ ಅದನ್ನು ಅದುಮುವಾಗ ಸೊಂಟವನ್ನು ಸೀಟಿನ ಹಿಂಬದಿಗೆ ತಳ್ಳಿ ಹಿಮ್ಮಡಿ ಕೆಳಗೆ ಒತ್ತು. ಹಿಂದಿನ ಬ್ರೇಕನ್ನೇ ನಂಬಿದರೆ ಚಕ್ರ ಕಟ್ಟಿ ಜಾರುತ್ತದೆ.

ಇಷ್ಟೆಲ್ಲ ಬರೆದರೂ ನಿನ್ನ ಸಾಲಿಗೆ ಉತ್ತರ ಕೊಟ್ಟಂತೆ ಅನ್ನಿಸುತ್ತಿಲ್ಲ. ಬ್ರೇಕ್ ಹಿಡಿಯದೆ ಹೋದರೆ ಅನ್ನುತ್ತೀಯ. ಘಾಟಿಯಲ್ಲಿ ಬಿದ್ದವರಲ್ಲಿ ಹೆಚ್ಚಿನವರ ಬ್ರೇಕು ಸರಿಯಾಗಿಯೇ ಇರುತ್ತದೆ, ಹಿಡಿದದ್ದು ತಡವಾಗಿರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಒಣ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ಹದವಾಗಿ ಬ್ರೇಕ್ ಹಿಡಿದರೆ ಸುಮಾರು 4 ಮೀಟರಿನಲ್ಲಿ ನಿಲ್ಲುತ್ತೀಯ. 40ರಿಂದ 15–16 ಮೀಟರ್ ಬೇಕು. ಶೇಕಡಾ 8ರ ಇಳಿಜಾರಾದರೆ ಅದೇ ಹಿಡಿತಕ್ಕೆ 19 ಮೀಟರ್. ಕಣ್ಣು ಕಂಡು ಕೈ ಆಡುವ ಒಂದು ಸೆಕೆಂಡಿನಲ್ಲಿ ಇನ್ನೂ 11 ಮೀಟರ್ ಹೋಗಿರುತ್ತದೆ. ಆದ್ದರಿಂದ ತಿರುವಿನೊಳಗೆ ಬ್ರೇಕಿನ ಕೆಲಸ ಇರಲೇಬಾರದು. ತಿರುವಿಗೆ ಮುಂಚೆ, ಸೈಕಲ್ಲು ನೆಟ್ಟಗಿರುವಾಗಲೇ ವೇಗ ಇಳಿಸಿ ಮುಗಿಸು. ಆಗುಂಬೆಯ ಹೇರ್‌ಪಿನ್ನಿಗೆ 10–12ರ ವೇಗ ಸಾಕು. ಯಾರಾದರೂ ನಕ್ಕರೆ ನಗಲಿ.

ಎಡಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ಒಳಮೂಲೆಗೆ ಅಂಟಿಕೊಳ್ಳಬೇಡ. ಅಲ್ಲೇ ಇಳಿಜಾರು ಕಡಿದು, ಮಳೆನೀರು ತಂದ ಜಲ್ಲಿ, ತರಗೆಲೆ ನಿಲ್ಲುವುದೂ ಅಲ್ಲೇ. ನಿನ್ನ ಎಡಭಾಗದ ನಡುವಿನಲ್ಲಿ ಬಾ, ಬಲಗಾಲಿನ ಪೆಡಲು ಕೆಳಗಿರಲಿ, ಅದರ ಮೇಲೆ ತೂಕ ಹಾಕು. ಬಲತಿರುವಿಗೆ ಎಡ ಪೆಡಲು ಕೆಳಗೆ. ಕಣ್ಣು ಗುಂಡಿಯ ಮೇಲಲ್ಲ, ತಿರುವು ಮುಗಿಯುವ ಕಡೆ ಇರಬೇಕು, ಸೈಕಲ್ಲು ಕಣ್ಣಿನ ಹಿಂದೆ ಬರುತ್ತದೆ. ಕೆಳಗಿನಿಂದ ಬಸ್ಸು ಬಂದರೆ ಅದು ತಿರುವಿನ ಪೂರ್ತಿ ಅಗಲ ನುಂಗುತ್ತದೆ. ಹತ್ತುವ ವಾಹನಕ್ಕೆ ದಾರಿ ಬಿಡುವುದು ನಿಯಮವೂ ಹೌದು, ತಿರುವಿಗೆ ಮುಂಚೆಯೇ, ಮೇಲುಗಡೆ ನಿಂತು ದಾರಿ ಬಿಡು. ಮಂಗಗಳಿಗೂ ನಿಧಾನಿಸು, ತಿಂಡಿ ಎಸೆಯುವ ಜನ ನಿಲ್ಲುವಲ್ಲಿ ಅವು ರಸ್ತೆಯ ಮಧ್ಯವೇ ಕೂತಿರುತ್ತವೆ.

ಬ್ರೇಕು ನಿಜವಾಗಿಯೂ ಒಂದು ಹೋಯಿತು ಅನ್ನೋಣ. ಇನ್ನೊಂದನ್ನು ಹಿಡಿ, ಹಿಂದೆ ಸರಿದು ಕೂರು, ನೇರ ರಸ್ತೆ ಇರುವಾಗಲೇ ನಿಲ್ಲಿಸು, ಇಳಿದು ತಳ್ಳಿಕೊಂಡು ನಡೆ. ಕಾಲನ್ನು ನೆಲಕ್ಕೆ ಕೊಡಬೇಡ. ಇಳಿಯುತ್ತಿರುವಾಗ ಮುಂದಿನ ಟಯರು ಪಂಕ್ಚರಾದರೆ ಹಿಂದಿನ ಬ್ರೇಕು, ಹಿಂದಿನದಾದರೆ ಮುಂದಿನ ಬ್ರೇಕು, ಅದೂ ಮೆಲ್ಲಗೆ, ಹ್ಯಾಂಡಲ್ ತಿರುಗಿಸದೆ. ಹ್ಯಾಂಡಲ್ ಇದ್ದಕ್ಕಿದ್ದಂತೆ ನಡುಗತೊಡಗಿದರೆ ಮೊಣಕಾಲಿನಿಂದ ಸೀಟಿಗೂ ಹ್ಯಾಂಡಲಿಗೂ ನಡುವಿನ ಮೇಲಿನ ಪೈಪನ್ನು ಒತ್ತಿ ಹಿಡಿ, ಕೈ ಸಡಿಲ ಬಿಡು, ನಿಧಾನವಾಗಿ ವೇಗ ಇಳಿಸು. ಗಟ್ಟಿ ಹಿಡಿದಷ್ಟೂ ನಡುಕ ಹೆಚ್ಚುತ್ತದೆ.

ಮಳೆಗಾಲದಲ್ಲಿ ಹೋಗಬೇಡ, ನವೆಂಬರಿನಿಂದ ಫೆಬ್ರವರಿವರೆಗೆ ಹೋಗು. ಒದ್ದೆಯಾದ ರಿಮ್ಮಿಗೆ ಮೊದಲ ಒಂದೆರಡು ಸುತ್ತು ಬ್ರೇಕು ಹತ್ತುವುದೇ ಇಲ್ಲ, ನೀರು ಒರೆಸಿಕೊಂಡ ಮೇಲೇ ಕಚ್ಚುತ್ತದೆ. ರಸ್ತೆಯಂಚಿನ ಪಾಚಿ ಮಳೆ ನಿಂತ ಮೇಲೂ ವಾರಗಟ್ಟಲೆ ಹೋಗುವುದಿಲ್ಲ. ಬೆಳಗಿನ ಮಂಜು ಪೂರ್ತಿ ಸರಿಯುವವರೆಗೆ ಆಗುಂಬೆಯಲ್ಲೇ ಕಾಯಿ. ಮಂಜಿಗೆ ಮರಗಟ್ಟಿದ ಬೆರಳು ಬ್ರೇಕಿಗೆ ಉಪಯೋಗಕ್ಕೆ ಬಾರದು, ತೆಳುವಾದ ಪೂರ್ತಿ ಬೆರಳಿನ ಗ್ಲೌಸು ಇಟ್ಟುಕೋ. ಟಯರು 28 ಮಿಲಿಮೀಟರಿನದಾದರೆ ನಿನ್ನ ತೂಕಕ್ಕೆ ಗಾಳಿಯ ಒತ್ತಡ ಮುಂದೆ 65, ಹಿಂದೆ 70 ಪಿಎಸ್‌ಐ ಸುತ್ತಮುತ್ತ ಸಾಕು. ಗೇರಿನ ಬಗ್ಗೆ ನೀನು ಕೇಳಿದ್ದೆ. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಇದ್ದರೆ ಈ ಹಾದಿಯ ಏರಿಗೆ ಚಿಂತೆ ಇಲ್ಲ.

ನೀನು ಹಾಕಿದ ಹಾದಿಯ ಕ್ರಮ ಚೆನ್ನಾಗಿದೆ, ಬದಲಿಸಬೇಡ. ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು (ಈಗಿನ ನಗರ ಅನ್ನುವ ಊರು), ಕೆಳದಿ ನಾಯಕರ ರಾಜಧಾನಿ ಸರಿದದ್ದೂ ಇದೇ ಕ್ರಮದಲ್ಲಿ, ಘಟ್ಟದಂಚಿನ ಕಡೆಗೆ. ಮೆಣಸು ಕರಾವಳಿಗೆ ಇಳಿಯುತ್ತಿದ್ದದ್ದು ಈ ಘಟ್ಟದ ದಾರಿಗಳಲ್ಲೇ. ಸಾಗರದಿಂದ ನಗರದವರೆಗೆ ಸಣ್ಣ ಸಣ್ಣ ಏರಿಳಿತ, ನಿನ್ನ ಬ್ರೇಕಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೆಳದಿಯ ಗುಡಿಯಲ್ಲಿ ತಲೆಯೆತ್ತಿ ಚಾವಣಿಯ ಗಂಡಭೇರುಂಡ ನೋಡು. ಇಕ್ಕೇರಿಯ ಅಘೋರೇಶ್ವರನ ಎದುರು ನಂದಿ ಮಂಟಪದ ಹತ್ತಿರ ಸ್ವಲ್ಪ ಹೊತ್ತು ಕೂರು, ಕಿಲೋಮೀಟರ್ ಲೆಕ್ಕ ಹಿಡಿದು ಓಡಬೇಡ. ನಗರದ ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. 1763ರಲ್ಲಿ ಹೈದರಾಲಿ ಗೆದ್ದದ್ದು ಇದನ್ನೇ, ನಗರ ಅನ್ನುವ ಹೆಸರು ಉಳಿದದ್ದು ಅವನು ಇಟ್ಟ ಹೈದರ್‌ನಗರದಿಂದ. ಅಲ್ಲಿಂದ ಹುಲಿಕಲ್ ಘಾಟಿ ಇಳಿದರೆ ಬೇಗ ಕರಾವಳಿ ಸಿಗುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಈ ಸಲ ಬೇಡ ಅನ್ನು.

ಬೆಟ್ಟದ ಮೇಲಿನ ಕೋಟೆ ಕವಲೇದುರ್ಗದ ವಿಷಯಕ್ಕೆ ಮಾತ್ರ ನನ್ನದೊಂದು ತಕರಾರು. ಕವಲೇದುರ್ಗ ಹತ್ತಿದ ದಿನವೇ ಆಗುಂಬೆ ಇಳಿಯುವ ಹಾಗೆ ಬರೆದಿದ್ದೀಯ. ಕೆಳಗೆ ಸೈಕಲ್ಲು ಬಿಟ್ಟು ಹಾಸುಗಲ್ಲಿನ ದಾರಿಯಲ್ಲಿ ಬಾಗಿಲ ಮೇಲೆ ಬಾಗಿಲು ದಾಟಿ ನಡೆಯಬೇಕು, ಸೈಕಲ್ ಶೂವಿನ ಅಡಿಗೆ ಪೆಡಲಿಗೆ ಸಿಕ್ಕಿಸಲು ಇರುವ ಕ್ಲೀಟು ಆ ಕಲ್ಲಿನ ಮೇಲೆ ಜಾರುತ್ತದೆ. ಹಗುರ ಚಪ್ಪಲಿಯೋ ಕ್ಯಾನ್ವಾಸ್ ಶೂವೋ ಚೀಲದಲ್ಲಿರಲಿ. ಹತ್ತಿಳಿದ ಕಾಲು ಸಂಜೆ ನಡುಗುತ್ತದೆ. ನಡುಗುವ ಕಾಲು ಪೆಡಲಿನ ಮೇಲೆ ತೂಕ ಹೊರುವುದಿಲ್ಲ, ಆಗ ಭಾರವೆಲ್ಲ ಕೈಗೆ ಬರುತ್ತದೆ. ನೀನು ಹೆದರಿದ್ದು ಕೈ ಸೋಲುವುದಕ್ಕೇ ಅಲ್ಲವೇ? ಆ ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿದು ಮಾರನೆಯ ದಿನ ಆಗುಂಬೆ ಇಟ್ಟುಕೋ. ರಜೆ ಸಾಲದಿದ್ದರೆ ಕಾರ್ಕಳದಲ್ಲಿ ಒಂದು ದಿನ ಕಡಿಮೆ ಮಾಡು. ನನ್ನ ಮಾತು ಜಾಸ್ತಿಯಾಯಿತೇನೋ, ಆದರೆ ಈ ಒಂದನ್ನು ಕೇಳು.

ಸೋಮೇಶ್ವರ ದಾಟಿದ ಮೇಲೆ ಹೆಬ್ರಿ, ವರಂಗ. ವರಂಗದ ಕೆರೆಬಸದಿಗೆ ದೋಣಿಯಲ್ಲೇ ಹೋಗಬೇಕು, ಸೈಕಲ್ಲಿಗೆ ಬೀಗ ಹಾಕಲು ಉದ್ದನೆಯ ಕೇಬಲ್ ಬೀಗ ತಾ. ಕಾರ್ಕಳದ ಗೊಮ್ಮಟ 1432ರದ್ದು, ಸುಮಾರು 42 ಅಡಿ. ಬರಿಗಾಲಲ್ಲಿ ಹತ್ತುವ ಬಂಡೆ ಮಧ್ಯಾಹ್ನ ಕಾದಿರುತ್ತದೆ, ಬೆಳಿಗ್ಗೆಯೋ ಸಂಜೆಯೋ ಹೋಗು.

ಘಾಟಿಯ ನಡುವೆ ಎಲ್ಲೇ ಕೈ ಜೋಮು ಹಿಡಿದರೂ ನಿಲ್ಲು. ಹದಿನಾಲ್ಕು ತಿರುವಿಗೂ ನಿಂತರೂ ಸರಿಯೇ, ನಡೆದೇ ಇಳಿದರೂ ಸರಿಯೇ, ಹಾಗೆ ಇಳಿದವರ ಗುಡಿ ಕೋಟೆ ಏನೂ ತಪ್ಪುವುದಿಲ್ಲ. ಹೊರಡುವ ಮೊದಲು ಬ್ರೇಕು ರಿಮ್ಮೋ ಡಿಸ್ಕೋ ಬರೆ. ರಬ್ಬರನ್ನೋ ಪ್ಯಾಡನ್ನೋ ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸು, ಲಿವರು ಪೂರ್ತಿ ಅದುಮಿ ಹಿಡಿದಾಗಿನದು ಇನ್ನೊಂದು.

ನಿನ್ನ ಮಾವ