ಈ ಭಾನುವಾರ ಎಲೀನರ್ ಹಿಬರ್ಟ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ತೀರ್ಥಹಳ್ಳಿಯಲ್ಲಿ, ನಮ್ಮ ಮನೆ ಜಗಲಿಯಲ್ಲೇ ಸೇರೋಣ. ಈ ಸಲ ಓದುವುದು ಲಂಡನ್ನಿನ ಕಾದಂಬರಿಗಾರ್ತಿ ಎಲೀನರ್ ಹಿಬರ್ಟ್ (1906–1993) ಅವರನ್ನು.

ಇವರು ಬರೆದದ್ದು ಬೇರೆ ಬೇರೆ ಹೆಸರಲ್ಲಿ. ಜೀನ್ ಪ್ಲೇಡಿ ಹೆಸರಲ್ಲಿ ರಾಜ ರಾಣಿಯರ ಕಾದಂಬರಿ. ಫಿಲಿಪ್ಪಾ ಕಾರ್ ಹೆಸರಲ್ಲಿ ಒಂದೇ ಮನೆತನದ ತಲೆಮಾರುಗಳ ಕಥೆ. ವಿಕ್ಟೋರಿಯಾ ಹೋಲ್ಟ್ ಹೆಸರಲ್ಲಿ ಹಳೇ ಬಂಗಲೆ, ಗುಟ್ಟು, ಭಯ, ಪ್ರೇಮ. ನನಗೆ ಜಾಸ್ತಿ ಇಷ್ಟ ಇವೇ. ಮೂವರೂ ಒಬ್ಬರೇ ಅಂದರೆ ನಂಬೋಕೆ ಆಗಲ್ಲ, ಅಲ್ವಾ? ಪ್ಲೇಡಿ ಎನ್ನುವುದು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಒಂದು ಕಡಲ ದಂಡೆಯ ಹೆಸರು.

ನನ್ನ ಹೋಲ್ಟ್ ಪ್ರತಿಗೆ ಮಳೆಗಾಲದ ಬೂಷ್ಟು ಹಿಡಿದಿತ್ತು. ಒಲೆ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದೇನೆ. ಬೆನ್ನು ಬಿಟ್ಟಿದೆ, ಹಾಳೆಗಳನ್ನು ಮೆಲ್ಲಗೆ ತಿರುವಿ. ಮಳೆ ಜೋರಿದ್ದರೆ ಕೊಪ್ಪದವರು ಬೆಳಗಿನ ಬಸ್ಸಿಗೇ ಬಂದುಬಿಡಿ, ಊಟ ಇಲ್ಲೇ.