ಡಾಕ್ಟರ ನಂಬಿಕೆಗೆ ಪೇಷಂಟು ಬೆಲೆ ಕೊಡಬೇಕಾ?

ಸಂಪಾದಕರಿಗೆ ನಮಸ್ಕಾರ.

ಅಕ್ಟೋಬರ್ 28 ಬಂತೆಂದರೆ ನನಗೆ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ನೆನಪಾಗುತ್ತಾಳೆ. ಹಲ್ಲಿನ ಡಾಕ್ಟರ್ ಆಗಿದ್ದಳು, ವಯಸ್ಸು ಬರೀ 31. 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, 17 ವಾರದ ಬಸುರಿ, ಬೆನ್ನುನೋವು ಅಂತ ಆಸ್ಪತ್ರೆಗೆ ಹೋದಳು. ಗರ್ಭ ಉಳಿಯಲ್ಲ ಅಂತ ಡಾಕ್ಟರುಗಳೇ ಹೇಳಿದರು. ಹಾಗಾದರೆ ಗರ್ಭಪಾತ ಮಾಡಿಬಿಡಿ ಎಂದು ಇವಳು ಕೇಳಿಕೊಂಡರೆ, ಮಗುವಿನ ಎದೆಬಡಿತ ಇನ್ನೂ ಇದೆ, ಕಾನೂನು ಒಪ್ಪಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ (ಕ್ಯಾಥೊಲಿಕ್ ಚರ್ಚಿಗೆ ಗರ್ಭಪಾತ ಪಾಪ) ಎಂಬ ಮಾತನ್ನು ತಾನು ಆಡಿದ್ದು ನಿಜ ಅಂತ ಅಲ್ಲಿನ ಸೂಲಗಿತ್ತಿ ನರ್ಸ್ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು, ನೋಯಿಸಲು ಹೇಳಿದ್ದಲ್ಲ ಅಂದರು. ಅಷ್ಟರಲ್ಲಿ ಸೋಂಕು ಮೈಗೆಲ್ಲಾ ಏರಿತ್ತು, ಅದನ್ನೂ ಸಮಯಕ್ಕೆ ಸರಿಯಾಗಿ ಗುರುತಿಸಿರಲಿಲ್ಲ. ಆಸ್ಪತ್ರೆಗೆ ಸೇರಿ ಒಂದು ವಾರಕ್ಕೆ, ಅದೇ ಅಕ್ಟೋಬರ್ 28ರಂದು, ಸವಿತಾ ತೀರಿಹೋದಳು.

2018ರಲ್ಲಿ ಆ ದೇಶದ ಜನ ಮತ ಹಾಕಿ ಆ ಕಾನೂನನ್ನೇ ತೆಗೆಸಿದರು. ಹೊಸ ಕಾನೂನಿನಲ್ಲಿ ಡಾಕ್ಟರು ತನ್ನ ಮನಸ್ಸು ಒಪ್ಪದಿದ್ದರೆ ನಾನು ಮಾಡಲ್ಲ ಅನ್ನಬಹುದು, ಆದರೆ ಬೇರೆ ಡಾಕ್ಟರ ಹತ್ತಿರ ಕಳಿಸುವ ಜವಾಬ್ದಾರಿ ಅವರದೇ. ಜೀವಕ್ಕೆ ತುರ್ತು ಅಪಾಯ ಇದ್ದಾಗ ಅನ್ನುವಂತೆಯೇ ಇಲ್ಲ.

ಐರ್ಲೆಂಡನ್ನು ಬೈದು ಸುಮ್ನೆ ಕೂರೋಣ ಅಂದರೆ ನನ್ನ ಮನಸ್ಸು ಕೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯ ಹುಡುಗಿ ಜೊತೆ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆ. 22 ವರ್ಷ, ಮದುವೆ ಆಗಿರಲಿಲ್ಲ, ಏಳು ವಾರದ ಬಸುರಿ, ಗರ್ಭಪಾತ ಮಾಡಿಸಿಕೊಳ್ಳಬೇಕಿತ್ತು. ಡಾಕ್ಟರಮ್ಮ ಸ್ಕ್ಯಾನ್ ರಿಪೋರ್ಟ್ ಪೂರ್ತಿ ನೋಡಲೂ ಇಲ್ಲ, ಮಡಚಿ ಮೇಜಿನ ಈ ಕಡೆ ತಳ್ಳಿ, "ಇದು ಮಹಾಪಾಪ, ನಾನು ಮಾಡಲ್ಲ, ಮೊದಲು ನಿಮ್ಮ ಅಪ್ಪನ್ನ ಕರ್ಕೊಂಡು ಬಾ" ಅಂದರು. ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಬೆಲ್ ಒತ್ತಿ ಮುಂದಿನ ಪೇಷಂಟನ್ನು ಕರೆದರು. ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತೇ ಇದ್ದಳು, ಏಳು ಅಂದರೂ ಏಳಲಿಲ್ಲ. ಆಮೇಲೆ ನನಗೂ ಹೇಳದೆ ಯಾವುದೋ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ, ರಕ್ತ ನಿಲ್ಲದೆ, ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಡಿಸಬೇಕಾಯಿತು. ಬದುಕಿಕೊಂಡಳು.

ನಾನೂ ದಿನಾ ದೇವರಿಗೆ ದೀಪ ಹಚ್ಚುವವಳೇ. ಡಾಕ್ಟರಮ್ಮನಿಗೆ ಅದು ಪಾಪ ಅನ್ನಿಸಿದರೆ ಅನ್ನಿಸಲಿ, ಅದು ಅವರ ಮನಸ್ಸು. ಆದರೆ ನಮ್ಮ ದೇಶದಲ್ಲಿ 1971ರಿಂದಲೇ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿದೆ, ಮದುವೆ ಆಗದವರಿಗೂ ಅದೇ ಹಕ್ಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18 ತುಂಬಿದವಳಿಗೆ ಅಪ್ಪನ ಸಹಿ ಬೇಕು ಅಂತ ಎಲ್ಲೂ ಇಲ್ಲ. ಇಷ್ಟೆಲ್ಲಾ ಗೊತ್ತಿರುವ ಡಾಕ್ಟರೇ ಹೀಗೆ ಹೇಳಿ ಕಳಿಸಿದರೆ ಆ ಹುಡುಗಿ ಯಾರನ್ನು ನಂಬಬೇಕು? "ನನ್ನಿಂದ ಆಗಲ್ಲಮ್ಮ, ಇಂಥ ಕಡೆ ಹೋಗು" ಅಂತ ಒಂದು ಚೀಟಿ ಬರೆದುಕೊಡೋಕೆ ಅರ್ಧ ನಿಮಿಷ ಸಾಕಿತ್ತು, ಅಲ್ವಾ?

ಆರೋಗ್ಯ ಇಲಾಖೆಯವರಿಗೆ ನನ್ನದೊಂದು ಕೋರಿಕೆ. ಸ್ಕ್ಯಾನಿಂಗ್ ಸೆಂಟರುಗಳಲ್ಲಿ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅಂತ ದೊಡ್ಡ ಬೋರ್ಡ್ ಇರುತ್ತದಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಬೋರ್ಡ್ ಹಾಕಿಸಿ. ಗರ್ಭಪಾತಕ್ಕೆ 18 ತುಂಬಿದ ಹೆಣ್ಣಿನ ಒಪ್ಪಿಗೆಗೆ ಅವಳ ಸಹಿಯೊಂದೇ ಸಾಕು ಅಂತ ಬರೆಸಿ, ಕೆಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಫೋನ್ ನಂಬರ್ ಹಾಕಿಸಿ.

– ಒಬ್ಬ ತಾಯಿ, ಧಾರವಾಡ