ಕಟ್ಟಳೆ ಮೊದಲು, ಬಲಿ ಆಮೇಲೆ

ಮಂಜೇಶ್ವರ

ಪ್ರೀತಿಯ ತಂಗಿ,

ನಿನ್ನ ಮಕ್ಕಳ ಕತೆ ಓದಿದೆ. ಪಯಸ್ವಿನಿ ದಡದ ಕಾಡು ಕಣ್ಣಿಗೆ ಕಟ್ಟುತ್ತದೆ. ತೊಡಕಿರುವುದು ಹುಲಿಯ ಸಾವಿನಲ್ಲಿ. ಕೊನೆಯ ಪುಟದಲ್ಲಿ ಅದು ಹುಡುಗನಿಗಾಗಿ ಪ್ರಾಣ ಬಿಡುತ್ತದೆ, ಬೆಳಗಾದರೆ ಎದ್ದು ಬರುತ್ತದೆ. ಯಾಕೆ ಎದ್ದಿತು ಎಂಬುದಕ್ಕೆ ಕತೆಯೊಳಗೆ ಉತ್ತರವಿಲ್ಲ. ಯೇಸುವಿನ ಕತೆ ಗೊತ್ತಿದ್ದವರಿಗೆ ಮಾತ್ರ ಅದು ಹೊಳೆದೀತು.

ಇಂಗ್ಲಿಷಿನ ಲೇಖಕ ಸಿ.ಎಸ್. ಲೂಯಿಸ್ ಯೇಸುವಿನ ಬಲಿಯನ್ನು ಸಿಂಹವೊಂದರ ರೂಪದಲ್ಲಿ ಹೇಳಿದ್ದಾನೆ. ನಾರ್ನಿಯಾ ಎಂಬ ಕಲ್ಪನೆಯ ನಾಡಿನ ಮಕ್ಕಳ ಕತೆಗಳಲ್ಲಿ ಅವನು 1950ರಲ್ಲಿ ಪ್ರಕಟಿಸಿದ ಮೊದಲನೆಯದನ್ನು ಪೆನ್ಸಿಲ್ ಹಿಡಿದು ಓದು. ಒಟ್ಟು 17 ಅಧ್ಯಾಯ. ಆಸ್ಲಾನ್ ಎಂಬ ಸಿಂಹದ ಹೆಸರು 7ರಲ್ಲಿ ಕಿವಿಗೆ ಬೀಳುತ್ತದೆ, ಸಿಂಹ ಕಣ್ಣಿಗೆ ಬೀಳುವುದು 12ರಲ್ಲಿ. 13ರಲ್ಲಿ ಮಾಟಗಾತಿ ಬಂದು, ದ್ರೋಹ ಬಗೆದವನ ಪ್ರಾಣ ತನ್ನ ಪಾಲು ಎಂಬ ಹಳೆಯ ಕಟ್ಟಳೆಯನ್ನು ಎಲ್ಲರೆದುರು ಎತ್ತುತ್ತಾಳೆ. ಸಿಂಹ ಅದನ್ನು ಅಲ್ಲಗಳೆಯುವುದಿಲ್ಲ. 14ರಲ್ಲಿ ದ್ರೋಹಿ ಹುಡುಗನ ಬದಲು ಸಿಂಹವೇ ಬಲಿ. 15ರಲ್ಲಿ ಮಾಟಗಾತಿಯ ಕಟ್ಟಳೆಗಿಂತಲೂ ಹಳೆಯ ಕಟ್ಟಳೆ ಬೆಳಕಿಗೆ ಬರುತ್ತದೆ: ದ್ರೋಹವನ್ನೇ ಅರಿಯದವನು ದ್ರೋಹಿಯ ಬದಲು ತಾನಾಗಿ ಸತ್ತರೆ ಸಾವೇ ಹಿಂದಕ್ಕೆ ತಿರುಗುತ್ತದೆ. ಮೊದಲ ಕಟ್ಟಳೆಯನ್ನು ವೈರಿಯ ಬಾಯಲ್ಲಿ ಹೇಳಿಸಿದ್ದನ್ನು ಗಮನಿಸು. ಮಗುವಿಗೆ ಅದು ಉಪದೇಶವಾಗುವುದಿಲ್ಲ, ಬೆದರಿಕೆಯಾಗಿ ತಟ್ಟುತ್ತದೆ. ನಿನ್ನದು 12 ಪುಟದ ಕತೆ; ಕಟ್ಟಳೆ 6ನೇ ಪುಟದೊಳಗೆ ಬಂದುಬಿಡಲಿ.

ಇದೇ ಕತೆಯ 2005ರ ಸಿನಿಮಾದಲ್ಲಿ ಯುದ್ಧವೇ ಹಿಗ್ಗಿದೆ. ಮಾಟಗಾತಿಯನ್ನು ಕೊಂದ ಮೇಲೆ ಸಿಂಹ ‘ತೀರಿತು’ ಎನ್ನುತ್ತದೆ. ಯೋಹಾನನ ಸುವಾರ್ತೆಯಲ್ಲಿ ಅದು ಶಿಲುಬೆಯ ಮೇಲೆ ಸಾಯುತ್ತಿರುವವನ ಮಾತು. ಕೊಂದವನ ಬಾಯಿಗೆ ಬಂದಾಗ ಅರ್ಥವೇ ಮಗುಚಿಬೀಳುತ್ತದೆ. ಬೈಬಲಿನ ಸಾಲನ್ನು ಎತ್ತಿ ತರುವಾಗ ಅದನ್ನು ಯಾರು, ಎಲ್ಲಿ ಆಡಿದ್ದೆಂದು ನೋಡಿಕೋ.

ಡ್ರ್ಯಾಗನ್ ಆದ ಹುಡುಗ ಯೂಸ್ಟಸ್‌ನ ಭಾಗವನ್ನಂತೂ ಎರಡೆರಡು ಸಲ ಓದಬೇಕು. ಅದು ನಾರ್ನಿಯಾ ಸರಣಿಯ 1952ರ ಪುಸ್ತಕದಲ್ಲಿದೆ. ಹುಡುಗ ಮೂರು ಸಲ ತಾನೇ ಚರ್ಮ ಸುಲಿದುಕೊಳ್ಳುತ್ತಾನೆ, ಹಾವು ಪೊರೆ ಬಿಟ್ಟಂತೆ. ಪ್ರತಿಸಲವೂ ಕೆಳಗೆ ಅದೇ ಒರಟು ಚರ್ಮ. ಕೊನೆಗೆ ಸಿಂಹ ಉಗುರಿಳಿಸಿ ಆಳಕ್ಕೆ ಸೀಳಿ, ಅವನನ್ನು ನೀರಿಗೆ ಎಸೆಯುತ್ತದೆ. ಮೊದಲು ಚುರುಚುರು ಉರಿ, ಆಮೇಲೆ ಹಾಯ್ ಎನಿಸುವ ತಂಪು. ದೀಕ್ಷಾಸ್ನಾನ, ಅಂದರೆ ನೀರಿನಿಂದ ಕ್ರೈಸ್ತ ದೀಕ್ಷೆ ಕೊಡುವ ವಿಧಿ, ಎಂಬ ಪದವನ್ನೇ ಕೇಳದ ಮುಳ್ಳೇರಿಯದ ಮಗುವಿಗೂ ಇದು ಮೈಗೆ ಗೊತ್ತಾಗುತ್ತದೆ. ಆ ಪುಸ್ತಕದ 2010ರ ಸಿನಿಮಾದಲ್ಲಿ ಸಿಂಹ ದೂರ ನಿಂತು ಮರಳು ಗೀರುತ್ತದೆ, ಹುಡುಗ ಬೆಳಕಿನಲ್ಲಿ ಬದಲಾಗುತ್ತಾನೆ. ಅವನೇ ಮಾಡಿ ಸೋತ ಮೂರು ಯತ್ನಗಳಿಲ್ಲ, ಮೈಗೆ ತಾಗುವ ಉಗುರಿಲ್ಲ, ಕೊಳದ ನೀರಿಲ್ಲ. ಉಳಿದದ್ದು ಬರೀ ಜಾದೂ.

ಇನ್ನು ಹುಲಿ. ಲೂಯಿಸನ ಸಿಂಹದ ಹಿಂದೆ ಬೈಬಲಿನ ಪ್ರಕಟನೆ ಗ್ರಂಥದ 5ನೇ ಅಧ್ಯಾಯದ ‘ಯೂದ ಕುಲದ ಸಿಂಹ’, ಅಂದರೆ ಕ್ರಿಸ್ತ, ಇದ್ದಾನೆ. ನಮ್ಮ ಕಡೆ ಹುಲಿಯೆಂದರೆ ತುಳುನಾಡಿನ ಹುಲಿದೈವ ಪಿಲಿಚಾಮುಂಡಿ. ಅದಕ್ಕೆ ತನ್ನದೇ ಆವೇಶ, ನಡೆ, ನುಡಿಕಟ್ಟು ಇದೆ. ಆ ಮೈಗೆ ಕ್ರಿಸ್ತನನ್ನು ತೊಡಿಸಿದರೆ ಓದುವವರಿಗೆ ಎರಡೂ ಸಿಗುವುದಿಲ್ಲ. ದೈವದ ನಂಟಿಲ್ಲದ ಪ್ರಾಣಿಯನ್ನು ಹುಡುಕು. ಮಾಟಗಾತಿ ಹುಡುಗನಿಗೆ ಆಸೆ ತೋರಿಸುವ ಸಿಹಿತಿಂಡಿ ಟರ್ಕಿಶ್ ಡಿಲೈಟಿನ ಜಾಗಕ್ಕೆ ಹಲ್ವ ತಂದದ್ದು ಸರಿಯಾಗಿದೆ, ಬಿಡಬೇಡ.

ಯೇಸುವನ್ನೇ ಹೇಳಬೇಕೆಂಬ ಆಸೆ ಇದ್ದರೆ ವೇಷ ಬೇಡ. ಇದೇ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಕಾವ್ಯದಲ್ಲಿ ಶಿಲುಬೆಯನ್ನು ನೇರವಾಗಿ ಕನ್ನಡಕ್ಕೆ ತಂದರು. ಅದನ್ನು ಗಟ್ಟಿಯಾಗಿ ಓದಿ ನೋಡು.

ತಿದ್ದಿದ ಪ್ರತಿ ಕಳಿಸುವಾಗ ಕಟ್ಟಳೆ ಬರುವ ಸಾಲಿನ ಅಡಿಗೆ ಗೆರೆ ಎಳೆದಿರು.

ನಿನ್ನ ಅಕ್ಕ